ಪಹಣಿಯಲ್ಲಿ ಅಡಗಿರುವ ಚರಿತ್ರೆ



ನಿಮ್ಮ ಮನೆಯ ಅಲ್ಮೇರಾದಲ್ಲಿಯೋ, ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯಲ್ಲಿಯೋ ಒಂದು ಹಳೆಯ ಬಟ್ಟೆಯ ಚೀಲ ಇದ್ದೀತು. ಅದರೊಳಗೆ ಮಡಿಕೆಯಲ್ಲಿ ಹರಿದ ಕೆಲವು ಹಳದಿ ಕಾಗದಗಳು. ಮಕ್ಕಳು ಅದರ ಹತ್ತಿರ ಹೋದರೆ ಹಿರಿಯರು ಹೇಳುವ ಮಾತು ಒಂದೇ: "ಅದು ಜಮೀನಿನ ಕಾಗದ, ಮುಟ್ಟಬೇಡಿ." ಹಾಗೆ ಯಾರೂ ಮುಟ್ಟದೆ, ಯಾರೂ ಓದದೆ ಇದ್ದುದರಿಂದಲೇ ನಮ್ಮಲ್ಲಿ ಎಷ್ಟೋ ಮನೆತನಗಳು ಜಮೀನು ಕಳೆದುಕೊಂಡಿವೆ ಎಂಬುದು ಈ ಲೇಖನದ ಮೊದಲ ಮಾತು.

ಉರ್ದು ಮತ್ತು ಕನ್ನಡ ಎರಡನ್ನೂ ಪಾಠ ಮಾಡುವ ನನ್ನ ಬಳಿಗೆ ಪ್ರತಿ ವರ್ಷವೂ ಇಬ್ಬರೋ ಮೂವರೋ ಪೋಷಕರು ಇಂತಹ ಕಾಗದ ಹಿಡಿದು ಶಾಲೆಗೆ ಬರುತ್ತಾರೆ. "ಮಾಸ್ಟರ್ ಸಾಬ್, ಇದರಲ್ಲಿ ಏನು ಬರೆದಿದೆ ನೋಡಿ" ಎನ್ನುತ್ತಾರೆ. ಲಿಪಿ ಶಾನುಭೋಗರ ಕಾಲದ ಕನ್ನಡ. ಅದರೊಳಗಿನ ಪದಗಳು ಬಹುಪಾಲು ನಮ್ಮ ಮನೆಯ ಉರ್ದು. ಉರ್ದು ಬಲ್ಲ ಅಜ್ಜನಿಗೆ ಲಿಪಿ ಬರುವುದಿಲ್ಲ, ಕನ್ನಡ ಓದುವ ಮೊಮ್ಮಗನಿಗೆ ಪದ ತಿಳಿಯುವುದಿಲ್ಲ. ಇಬ್ಬರೂ ಒಂದೇ ಚಾಪೆಯ ಮೇಲೆ ಕುಳಿತು ಓದಿದರೆ ಅರ್ಧ ಸಮಸ್ಯೆ ಅಲ್ಲಿಯೇ ಬಗೆಹರಿಯುತ್ತದೆ!

ಬೆಂಗಳೂರು ಗ್ರಾಮಾಂತರದ ನಾಲ್ಕು ತಾಲೂಕುಗಳಾದ ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ ಮತ್ತು ನೆಲಮಂಗಲಗಳ ಜಮೀನು ಇಂದು ಮಹಾನಗರದ ವ್ಯವಹಾರವಾಗಿದೆ. ಹೀಗಿರುವಾಗ ಆ ಜಮೀನಿನ ಕಾಗದಗಳ ಚರಿತ್ರೆಯನ್ನು ತಿಳಿಯುವುದು ವಕೀಲರಿಗೆ ಮಾತ್ರ ಬೇಕಾದ ವಿದ್ಯೆಯಲ್ಲ, ಅದು ನಮ್ಮೆಲ್ಲರ ಅಗತ್ಯ.

ಪದಗಳೇ ಸಾಕ್ಷಿ

ಮೊದಲು ಪದಗಳನ್ನೇ ನೋಡೋಣ. ಪಹಣಿಯಲ್ಲಿ ಜಮೀನಿನ ಬಗೆ ಮೂರು: ಖುಷ್ಕಿ, ತರಿ, ಬಾಗಾಯ್ತು. ಖುಷ್ಕ್ ಎಂದರೆ ಒಣಗಿದ್ದು, ಆದ್ದರಿಂದ ಮಳೆಯಾಶ್ರಯದ ಹೊಲ ಖುಷ್ಕಿ. ತರ್ ಎಂದರೆ ಒದ್ದೆ, ಕೆರೆಯ ನೀರು ಹರಿಯುವ ಗದ್ದೆ ತರಿ. ಬಾಗ್ ಎಂದರೆ ತೋಟ. ಸರ್ವೆ ನಂಬರಿನ ಪಾಲಿಗೆ ಹಿಸ್ಸಾ ಎನ್ನುತ್ತಾರೆ. ಅರ್ಜಿ ಹಾಕಿ ಸರ್ಕಾರದಿಂದ ಮಂಜೂರಾದ ಜಮೀನು ದರಖಾಸ್ತು, ಅಂದರೆ ಉರ್ದುವಿನ ದರ್ಖಾಸ್ತ್, ಬಿನ್ನಹ. ಮಂಜೂರಾತಿ ಇಲ್ಲದೆ ಉಳುತ್ತಿರುವ ಸರ್ಕಾರಿ ಭೂಮಿ ಬಗರ್ ಹುಕುಂ. 'ಬಗೈರ್ ಹುಕ್ಮ್', ಹುಕುಂ ಇಲ್ಲದ್ದು ಎಂದೇ ಅರ್ಥ. ಎದುರಾಳಿ ಆಕ್ಷೇಪಣೆ ಎತ್ತಿದರೆ ತಕರಾರು. ಎಲ್ಲರ ಸಮಕ್ಷಮದಲ್ಲಿ ಬರೆದುಕೊಂಡದ್ದು ಮಹಜರು, ಅದರೊಳಗೆ 'ಹಾಜಿರ್' ಇದೆ. ಯಜಮಾನ ತೀರಿಕೊಂಡ ಮೇಲೆ ವಾರಸುದಾರರ ಹೆಸರಿಗೆ ಆಗುವುದು ಪೌತಿ ಖಾತೆ. ನಮ್ಮ ಹಿರಿಯರು ಯಾರಾದರೂ ತೀರಿಕೊಂಡಾಗ 'ಫೌತ್ ಹೋಗಯೇ' ಎನ್ನುವುದಿಲ್ಲವೇ, ಅದೇ ಫೌತ್ ಇದು.

ಆದರೆ ಎಲ್ಲವೂ ಉರ್ದುವಲ್ಲ. 'ಪಹಣಿ' ಎಂಬ ಪದವೇ ಮರಾಠಿಯ 'ನೋಡುವುದು' ಎಂಬರ್ಥದ ಧಾತುವಿನಿಂದ ಬಂದದ್ದು. ಸರ್ವೆ ನಂಬರನ್ನು ಒಡೆದು ಭಾಗ ಮಾಡುವ 'ಪೋಡಿ'ಯೂ ಮರಾಠಿಯದೇ. ಗೋಮಾಳ, ಹೋಬಳಿ, ತೋಟಿ, ನೀರುಗಂಟಿ ಇವು ಕನ್ನಡದವು. ಇಷ್ಟೊಂದು ಭಾಷೆಗಳು ಒಂದು ಹಾಳೆಯ ಮೇಲೆ ಬಂದು ಕುಳಿತದ್ದು ಹೇಗೆ? ಇದಕ್ಕೆ ಚರಿತ್ರೆಯೇ ಉತ್ತರ ಹೇಳಬೇಕು.

ಪರಗಣೆಯಿಂದ ಸರ್ವೆ ನಂಬರಿನವರೆಗೆ

ಹದಿನೇಳನೆಯ ಶತಮಾನದಲ್ಲಿ ಬಿಜಾಪುರದ ಆದಿಲ್‌ಶಾಹಿ ಸೈನ್ಯ ಈ ಭಾಗವನ್ನು ಗೆದ್ದ ಮೇಲೆ ಬೆಂಗಳೂರು, ಹೊಸಕೋಟೆ, ಕೋಲಾರ, ದೊಡ್ಡಬಳ್ಳಾಪುರ ಮತ್ತು ಸಿರಾಗಳು ಶಹಾಜಿ ಭೋಂಸ್ಲೆಯ ಜಹಗೀರಿಗೆ ಸೇರಿದವು. ಅವನೊಂದಿಗೆ ಮರಾಠಿ ಲೆಕ್ಕಿಗರೂ ಬಂದರು. 1687ರಲ್ಲಿ ಮೊಗಲರು ಸಿರಾವನ್ನು ರಾಜಧಾನಿ ಮಾಡಿಕೊಂಡು ಒಂದು ಪ್ರಾಂತ್ಯ ಕಟ್ಟಿದಾಗ ಅದರ ಏಳು ಪರಗಣೆಗಳಲ್ಲಿ ದೊಡ್ಡಬಳ್ಳಾಪುರ ಒಂದು, ಹೊಸಕೋಟೆ ಇನ್ನೊಂದು. ಫಾರಸಿ ಕಂದಾಯ ಪದಗಳು ನಮ್ಮ ಹಳ್ಳಿಗಳಲ್ಲಿ ಬೇರು ಬಿಟ್ಟದ್ದು ಈ ಕಾಲದಲ್ಲಿ.

ಮುಂದೆ ಹೈದರಾಲಿ ಮತ್ತು ದೇವನಹಳ್ಳಿಯಲ್ಲಿ ಜನಿಸಿದ ಟಿಪ್ಪು ಸುಲ್ತಾನರ ಆಡಳಿತ. ಟಿಪ್ಪುವಿನ ಕಂದಾಯ ನಿಯಮಗಳ ಇಂಗ್ಲಿಷ್ ಅನುವಾದ 1792ರಲ್ಲಿ ಕಲ್ಕತ್ತೆಯಲ್ಲಿ ಅಚ್ಚಾಯಿತು. ಹತ್ತು ವರ್ಷ ಪಾಳು ಬಿದ್ದ ನೆಲವನ್ನು ರೈತನಿಗೆ ಕೌಲಿನ ಮೇಲೆ ಕೊಡಬೇಕು, ಮೊದಲ ವರ್ಷ ಕಂದಾಯ ಬೇಡ, ಎರಡನೆಯ ವರ್ಷ ಅರ್ಧ ಸಾಕು ಎಂಬ ನಿಯಮ ಅದರಲ್ಲಿದೆ. ಉಳುವವನಿಗೂ ನೆಲಕ್ಕೂ ಇರುವ ಸಂಬಂಧವನ್ನು ಸರ್ಕಾರ ಬರಹದಲ್ಲಿ ಹಿಡಿಯುವ ಪ್ರಯತ್ನ ಹೊಸದಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಆ ಕಾಲದ ಶಾನುಭೋಗರು ಲೆಕ್ಕ ಬರೆಯುತ್ತಿದ್ದುದು ಕಡತದಲ್ಲಿ. ಬಟ್ಟೆಗೆ ಇದ್ದಿಲು ಮತ್ತು ಹುಣಸೆಬೀಜದ ಅಂಟು ಬಳಿದು, ಒಣಗಿಸಿ, ಮಡಚಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಒರೆಸಿ ಮತ್ತೆ ಬರೆಯಬಹುದಾಗಿತ್ತು. ಇಂದಿಗೂ ಕಚೇರಿಯ ಫೈಲಿಗೆ ಕನ್ನಡದಲ್ಲಿ ಕಡತ ಎಂದೇ ಹೆಸರು.

ಈಗಿನ ಪಹಣಿಯ ತಳಹದಿ ಬಿದ್ದದ್ದು ಬ್ರಿಟಿಷ್ ಕಮಿಷನರರ ಆಡಳಿತದಲ್ಲಿ, 1863ರಲ್ಲಿ. ಆ ವರ್ಷ ಮುಂಬಯಿ ಪ್ರಾಂತ್ಯದ ಮಾದರಿಯಲ್ಲಿ ಮೈಸೂರು ಸಂಸ್ಥಾನದ ಕಂದಾಯ ಸರ್ವೆ ಆರಂಭವಾಯಿತು. ಸರಪಳಿ ಹಿಡಿದು ಹೊಲ ಹೊಲವನ್ನೂ ಅಳೆದು ಕಲ್ಲು ನೆಟ್ಟು ಸರ್ವೆ ನಂಬರ್ ಕೊಟ್ಟರು. ಸರಪಳಿಯ ಉದ್ದ 33 ಅಡಿ. 33 ಅಡಿ ಉದ್ದ 33 ಅಡಿ ಅಗಲದ ಚೌಕ ಒಂದು ಗುಂಟೆ, ಅಂದರೆ 1,089 ಚದರಡಿ. 40 ಗುಂಟೆ ಒಂದು ಎಕರೆ. ಅಳತೆಯ ಕಚ್ಚಾ ನಕ್ಷೆ ಟಿಪ್ಪಣಿ. ವಿಸ್ತೀರ್ಣ ಮತ್ತು ಕಂದಾಯದ ಪಟ್ಟಿ ಆಕಾರ್‌ಬಂದ್. ಇಂದು ಕೋಟಿಗಟ್ಟಲೆ ಬೆಲೆಯ ಬಡಾವಣೆಯ ಗಡಿ ತಕರಾರು ಬಂದರೂ ಸರ್ವೆಯರ್ ಕೊನೆಗೆ ತೆಗೆದು ನೋಡುವುದು ಈ ಎರಡನ್ನೇ.

ಅದೇ ಸರ್ವೆಯಿಂದ ಉಳಿದ ಇನ್ನೊಂದು ಪದ ಖರಾಬು. ಕೆಟ್ಟದ್ದು ಎಂದು ಅರ್ಥ, ಆದರೆ ಇದರಲ್ಲಿ ಎರಡು ಬಗೆ. 'ಅ' ಖರಾಬು ಬಂಡೆ, ದಿಣ್ಣೆ ಮುಂತಾದ ಸಾಗುವಳಿಗೆ ಬಾರದ ನೆಲ. 'ಬ' ಖರಾಬು ದಾರಿ, ಹಳ್ಳ, ಕಾಲುವೆಯಂತಹ ಸಾರ್ವಜನಿಕ ಬಳಕೆಗೆ ಬಿಟ್ಟದ್ದು, ಅದು ಸರ್ಕಾರದ್ದು, ಮಾರಲು ಬಾರದು. ಎರಡು ಎಕರೆ ಎಂದು ಹಣ ಕೊಟ್ಟವರು ಪಹಣಿಯ 3ನೇ ಕಾಲಂ ನೋಡದೆ ಹೋದರೆ ರಾಜಕಾಲುವೆಯನ್ನೂ ಕೊಂಡ ಹಾಗಾಗುತ್ತದೆ!

ಇನಾಮು ಹೋದದ್ದು

ರಾಜರು, ಪಾಳೆಯಗಾರರು, ಸುಲ್ತಾನರು ವಿದ್ವಾಂಸರಿಗೆ, ಸೈನಿಕರಿಗೆ, ದೇವಾಲಯ, ಮಸೀದಿ, ದರ್ಗಾಗಳಿಗೆ ಕೊಟ್ಟ ಭೂಮಿ ಇನಾಮು. ಪೂರ್ತಿ ಕಂದಾಯ ಮಾಫಿಯಾದದ್ದು ಸರ್ವಮಾನ್ಯ, ಕಡಿಮೆ ಕಂದಾಯ ಕಟ್ಟುವಂಥದು ಜೋಡಿ. ಇವುಗಳ ಪರಿಶೀಲನೆಗೆ 1866ರಲ್ಲಿ ಇನಾಂ ಕಮಿಷನ್ ನೇಮಕವಾಯಿತು. ಅದರ ದಾಖಲೆಯಲ್ಲಿ ಹೆಸರಿದ್ದ ಜೋಡಿದಾರರು ಹಳ್ಳಿಗೇ ಒಡೆಯರಾಗಿ ಉಳಿದರು, ಉಳುವವರು ಗೇಣಿದಾರರಾಗಿ ಉಳಿದರು.

ಸ್ವಾತಂತ್ರ್ಯಾನಂತರ 1954ರಲ್ಲಿ ವೈಯಕ್ತಿಕ ಮತ್ತು ಇತರೆ ಇನಾಮುಗಳ ರದ್ದತಿ ಕಾಯ್ದೆ, 1955ರಲ್ಲಿ ಧಾರ್ಮಿಕ ಮತ್ತು ಧರ್ಮಾದಾಯ ಇನಾಮುಗಳ ರದ್ದತಿ ಕಾಯ್ದೆ ಬಂದವು. 1954ರ ಕಾಯ್ದೆಯಲ್ಲಿ ಉಳುವವರನ್ನು ವಿಂಗಡಿಸಿದ ಮೊದಲ ಹೆಸರೇ 'ಕದೀಂ' ಗೇಣಿದಾರ. ಕದೀಂ ಎಂದರೆ ಪುರಾತನ ಎಂದು ನಿಮಗೆ ಯಾವ ಉರ್ದು ಮಾಸ್ಟರೂ ಹೇಳಿಯಾರು. ಇನಾಮು ಭೂಮಿ ಸರ್ಕಾರದಲ್ಲಿ ನಿಹಿತವಾಯಿತು. ಕದೀಂ ಗೇಣಿದಾರ, ಶಾಶ್ವತ ಗೇಣಿದಾರ ಮುಂತಾದವರೂ ಇನಾಮುದಾರನೂ ತಂತಮ್ಮ ಹಕ್ಕನ್ನು ನೋಂದಾಯಿಸಿಕೊಳ್ಳಬೇಕಾಯಿತು. ಅರ್ಜಿ ಹಾಕಿದವರು ಉಳಿದರು. 'ನಮ್ಮ ತಾತನಿಗೆ ಇನಾಮು ಬಂದದ್ದು' ಎಂದು ಹೇಳಿಕೊಳ್ಳುತ್ತ ಸುಮ್ಮನೆ ಕುಳಿತವರ ಕೈಯಲ್ಲಿ ಸನದು ಉಳಿಯಿತು, ಜಮೀನು ಉಳಿಯಲಿಲ್ಲ.

ಪಟೇಲ, ಶಾನುಭೋಗ, ತೋಟಿ, ತಳವಾರ, ನೀರುಗಂಟಿಗಳ ವಂಶಪಾರಂಪರ್ಯ ಹುದ್ದೆಗಳೂ 1961ರ ಕಾಯ್ದೆಯ ಮೂಲಕ 1963ರ ಫೆಬ್ರವರಿ 1ರಿಂದ ರದ್ದಾದವು. ಆ ಹುದ್ದೆಗಳಿಗೆ ಸೇರಿದ್ದ ಜಮೀನು ಪುನರ್‌ಮಂಜೂರಾತಿ ಆದ ಬಳಿಕವೇ ಖಾಸಗಿ ಸ್ವತ್ತಾಗುತ್ತದೆ. ಒಂದು ಜಮೀನು ತೋಟಿ ಇನಾಮಿನದೋ ಅಲ್ಲವೋ ಎಂಬುದು ಇಂದಿನ ಪಹಣಿ ನೋಡಿದರೆ ಗೊತ್ತಾಗುವುದಿಲ್ಲ. ಹಿಂದಿನ ವಹಿಗಳನ್ನು ತಿರುವಬೇಕು.

ಉಳುವವನೇ ಒಡೆಯ

ದೇವರಾಜ ಅರಸು ಅವರ ಕಾಲದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತು. ಗೇಣಿಯಲ್ಲಿದ್ದ ಜಮೀನೆಲ್ಲ ಅಂದಿನಿಂದ ಸರ್ಕಾರದಲ್ಲಿ ನಿಹಿತವಾಯಿತು. ಗೇಣಿದಾರ ನಮೂನೆ 7ರಲ್ಲಿ ಭೂನ್ಯಾಯ ಮಂಡಳಿಗೆ ಅರ್ಜಿ ಹಾಕಿ ಒಡೆತನ ಪಡೆಯಬೇಕಿತ್ತು. ಅರ್ಜಿಗೆ ಕೊನೆಯ ಗಡುವು 1979ರ ಜೂನ್ 30. ಹೀಗೆ ಬಂದ ಜಮೀನನ್ನು 15 ವರ್ಷ ಮಾರುವಂತಿರಲಿಲ್ಲ. ನಮ್ಮ ತಾಲೂಕುಗಳಲ್ಲಿ ಯಾವ ಹಳೆಯ ಜಮೀನು ಕೊಳ್ಳುವಾಗಲೂ ಬಲ್ಲ ವಕೀಲರು ಮೊದಲು ಕೇಳುವ ಪ್ರಶ್ನೆ, "ನಮೂನೆ 7 ಬಿದ್ದಿತ್ತೇ?" ಎಂಬುದು.

ಎರಡನೆಯ ಪ್ರಶ್ನೆ, "ಇದು ಮಂಜೂರಾದ ಜಮೀನೇ?" ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನು ಪರರ ಕೈ ಸೇರದಂತೆ ತಡೆಯಲು 1978ರ ಕಾಯ್ದೆ ಇದೆ. ಜನರ ಬಾಯಲ್ಲಿ ಇದು ಪಿ.ಟಿ.ಸಿ.ಎಲ್. ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೊಂಡರೆ ಕ್ರಯಪತ್ರ ನೋಂದಣಿಯಾಗಿದ್ದರೂ ಅಸಿಂಧು. ಜಮೀನು ಮೂಲ ಮಂಜೂರಾತಿದಾರನಿಗೋ ಅವನ ವಾರಸುದಾರರಿಗೋ ಮರಳುತ್ತದೆ. ಈ ಕಾಯ್ದೆಯನ್ನು 1984ರಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಇಂತಿಷ್ಟೇ ಸಮಯದೊಳಗೆ ಅರ್ಜಿ ಹಾಕಬೇಕೆಂಬ ಮಿತಿ ಇಲ್ಲವೆಂದು 2023ರ ತಿದ್ದುಪಡಿ ಹೇಳಿತು. ಇದನ್ನು ತೊಡಕು ಎಂದು ಮಾತ್ರ ನೋಡಬೇಡಿ. ಯಾರದೋ ಬಡತನವನ್ನು ಬಳಸಿಕೊಂಡು ಅಗ್ಗಕ್ಕೆ ಬರೆಸಿಕೊಂಡ ಜಮೀನಿನ ಮೇಲೆ ನಾವು ಮನೆ ಕಟ್ಟಬಾರದು ಎಂಬ ನ್ಯಾಯವೂ ಅದರಲ್ಲಿದೆ.

ಬಗರ್ ಹುಕುಂ ಸಕ್ರಮಕ್ಕೆ 1991ರ ತಿದ್ದುಪಡಿ ದಾರಿ ಮಾಡಿತಾದರೂ ಬೆಂಗಳೂರು ನಗರದ ಎಲ್ಲೆಯಿಂದ 18 ಕಿಲೋಮೀಟರ್ ಒಳಗಿನ ಭೂಮಿಗೆ ಆ ಅವಕಾಶವಿಲ್ಲ. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳಬಾರದೆಂಬ 79ಎ ಮತ್ತು 79ಬಿ ಕಲಮುಗಳು 2020ರಲ್ಲಿ ರದ್ದಾದವು. ಅದರಿಂದ ನಗರದ ಹಣ ಹಳ್ಳಿಗೆ ಬರಲು ಇದ್ದ ಒಂದು ಬಾಗಿಲು ತೆರೆಯಿತು; ಕಾಗದ ಓದಲು ಬಾರದವರ ಅಪಾಯವೂ ಅಷ್ಟೇ ಹೆಚ್ಚಿತು.

ಕಂಪ್ಯೂಟರ್ ಪಹಣಿ ಮತ್ತು ವಿಮಾನ ನಿಲ್ದಾಣ

ಈ ಶತಮಾನದ ಆರಂಭದಲ್ಲಿ ಬಂದ 'ಭೂಮಿ' ಯೋಜನೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಸೇರಿಸಿತು. ಲಂಚ, ಅಲೆದಾಟ ಎಷ್ಟೋ ಕಡಿಮೆಯಾಯಿತು. ಆದರೆ ಕಂಪ್ಯೂಟರ್ ತನಗೆ ಕೊಟ್ಟದ್ದನ್ನು ತೋರಿಸುತ್ತದೆಯೇ ಹೊರತು ಸತ್ಯವನ್ನು ಹುಡುಕಿ ತರುವುದಿಲ್ಲ. ಕೈಬರಹದ ಪಹಣಿಯ ತಪ್ಪು ಅಚ್ಚಾದ ಪಹಣಿಯಲ್ಲಿಯೂ ಮುಂದುವರಿಯಿತು.

2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ನೆಲದ ಬೆಲೆ ಗುಂಟೆಯಿಂದ ಚದರಡಿಗೆ ಇಳಿಯಿತು. ಅದೇ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಸ್ವಾಧೀನವನ್ನು ವಿರೋಧಿಸಿ ರೈತರು ಮೂರು ವರ್ಷಕ್ಕೂ ಮೀರಿ ಧರಣಿ ಕುಳಿತರು. 2025ರ ಜುಲೈ 15ರಂದು ಸರ್ಕಾರ ಸ್ವಾಧೀನ ಕೈಬಿಡುವುದಾಗಿ ಪ್ರಕಟಿಸಿತು. ಸ್ವಾಧೀನವಾಗಲಿ, ಮಾರಾಟವಾಗಲಿ, ನೋಟಿಸು ಮತ್ತು ಪರಿಹಾರ ಹುಡುಕಿಕೊಂಡು ಹೋಗುವುದು ದಾಖಲೆಯಲ್ಲಿರುವ ಹೆಸರನ್ನು. ಆ ಹೆಸರು ಎಂದೋ ತೀರಿಹೋದ ತಾತನದಾಗಿದ್ದರೆ? ಇಂತಹ ಪಹಣಿಗಳು ರಾಜ್ಯದಲ್ಲಿ ಎಷ್ಟೊಂದು ಇವೆಯೆಂದರೆ 2025ರಲ್ಲಿ ಕಂದಾಯ ಇಲಾಖೆ ಇ-ಪೌತಿ ಎಂಬ ಆಂದೋಲನವನ್ನೇ ಹಮ್ಮಿಕೊಳ್ಳಬೇಕಾಯಿತು.

ಇಪ್ಪತ್ತು ಗುಂಟೆಯ ಪಾಠ

ಇಲ್ಲಿ ನಮ್ಮ ಮನೆಯ ವಿಷಯವನ್ನೇ ಹೇಳುತ್ತೇನೆ. ಹೊಸಕೋಟೆ ತಾಲೂಕಿನಲ್ಲಿ ನನ್ನ ನಾನಾ ಅವರಿಗೆ 3 ಎಕರೆ 20 ಗುಂಟೆ ಖುಷ್ಕಿ ಇತ್ತು. ನಾನಿ ಮೊದಲೇ ತೀರಿಕೊಂಡಿದ್ದರು. ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು. ಫರಾಯಿಜ್ ಲೆಕ್ಕದಲ್ಲಿ ಮಗನಿಗೆ ಎರಡು ಪಾಲು, ಮಗಳಿಗೆ ಒಂದು. ಒಟ್ಟು ಏಳು ಪಾಲು. 140 ಗುಂಟೆಯನ್ನು ಏಳರಿಂದ ಭಾಗಿಸಿದರೆ 20. ಅಂದರೆ ಪ್ರತಿ ಮಗಳಿಗೆ 20 ಗುಂಟೆ, ಪ್ರತಿ ಮಗನಿಗೆ 40 ಗುಂಟೆ. ಐದನೆಯ ತರಗತಿಯ ಮಗುವೂ ಮಾಡಬಲ್ಲ ಲೆಕ್ಕ ಇದು.

ನಾನಾ ತೀರಿಕೊಂಡಾಗ ಬ್ಯಾಂಕ್ ಸಾಲಕ್ಕೆ ಅನುಕೂಲವೆಂದು ಪೌತಿ ಖಾತೆ ದೊಡ್ಡ ಮಾಮು ಒಬ್ಬರ ಹೆಸರಿಗೇ ಆಯಿತು. ಅಮ್ಮಿ ಮತ್ತು ಖಾಲಾಗಳು "ಭಾಯಿಜಾನ್ ಇದ್ದಾರಲ್ಲ" ಎಂದು ಸಹಿ ಹಾಕಿದರು. ಖಾತೆ ಬದಲಾವಣೆಗೆ ಆಕ್ಷೇಪಣೆ ಸಲ್ಲಿಸಲು 30 ದಿನ ಕಾಲಾವಕಾಶವಿತ್ತು ಎಂಬುದೇ ಅವರಿಗೆ ಗೊತ್ತಿರಲಿಲ್ಲ. ವರ್ಷಗಳು ಕಳೆದವು. ಬಡಾವಣೆ ಮಾಡುವವರು ಬಂದರು, ಮುಂಗಡ ಕೊಟ್ಟರು. ಆಗ ತಂಗಿಯರ ಪಾಲಿನ ಮಾತು ಎದ್ದಾಗ "ಪಹಣಿಯಲ್ಲಿ ನಿಮ್ಮ ಹೆಸರೆಲ್ಲಿದೆ?" ಎಂಬ ಉತ್ತರ ಬಂತು.

ನಗರದಲ್ಲಿ ನಾವು ಮೊದಲು ಕಂಡ ವಕೀಲರು ಪಹಣಿ ನೋಡಿ, ಒಬ್ಬರದೇ ಹೆಸರಿದೆ, ಕಷ್ಟ ಎಂದರು. ಆಮೇಲೆ ತಾಲೂಕಿನ ಹಿರಿಯ ವಕೀಲರೊಬ್ಬರ ಬಳಿ ಹೋದೆವು. ಅವರು 9ನೇ ಕಾಲಮ್ಮಿನ ಹೆಸರನ್ನು ಬಿಟ್ಟು 10ನೇ ಕಾಲಂ ಮೇಲೆ ಬೆರಳಿಟ್ಟರು. ಜಮೀನು ಹೇಗೆ ಬಂತು ಎಂದು ಬರೆಯುವ ಕಾಲಂ ಅದು. ಅಲ್ಲಿ ಒಂದೇ ಪದವಿತ್ತು: ಪೌತಿ. "ಕ್ರಯ ಅಂತಿಲ್ಲ, ದಾನ ಅಂತಿಲ್ಲ, ವಿಭಾಗ ಅಂತಿಲ್ಲ. ತಂದೆ ಸತ್ತದ್ದರಿಂದ ಬಂತು ಅಂತಿದೆ. ತಂದೆ ಒಬ್ಬನಿಗೇ ಸತ್ತನೇನಮ್ಮ?" ಎಂದು ಅವರು ಅಮ್ಮಿಯನ್ನು ಕೇಳಿದ್ದು ನನಗೆ ಮರೆಯುವುದಿಲ್ಲ. ಪಹಣಿಯ ನಮೂದು ಸರಿಯೆಂದು ಕಾನೂನು ಭಾವಿಸುವುದು ತಪ್ಪೆಂದು ಸಾಬೀತಾಗುವವರೆಗೆ ಮಾತ್ರ. ಖಾತೆ ಇದೆ ಎಂದ ಮಾತ್ರಕ್ಕೆ ಹಕ್ಕು ಹುಟ್ಟುವುದಿಲ್ಲ, ಇಲ್ಲವೆಂದ ಮಾತ್ರಕ್ಕೆ ಸಾಯುವುದೂ ಇಲ್ಲ ಎಂದು ಅವರು ವಿವರಿಸಿದರು.

ದಾವೆ ಹೂಡಿ ಮೂರು ವರ್ಷದ ಮೇಲೆ ರಾಜಿಯಾಯಿತು. ಪೂರ್ತಿ ಪಾಲು ಸಿಗಲಿಲ್ಲ, ಏನೋ ಸಿಕ್ಕಿತು. ಆದರೆ ಅಂದಿನಿಂದ ಅಮ್ಮಿ ಈದಿಗೆ ತವರಿಗೆ ಹೋಗಿಲ್ಲ. ನಾನಾ ತೀರಿಕೊಂಡ ವರ್ಷವೇ ಐದು ಹೆಸರು ಬರೆಸಿದ್ದರೆ ಜಮೀನೂ ಉಳಿಯುತ್ತಿತ್ತು, ಅಣ್ಣ ತಂಗಿಯರ ಸಂಬಂಧವೂ ಉಳಿಯುತ್ತಿತ್ತು.

ಹಿಬಾ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 129ನೇ ಕಲಮಿನಂತೆ ಮುಸ್ಲಿಮರ ಹಿಬಾಕ್ಕೆ ನೋಂದಣಿ ಕಡ್ಡಾಯವಲ್ಲ. ಕೊಡುವವನ ಘೋಷಣೆ, ಪಡೆಯುವವನ ಸ್ವೀಕಾರ ಮತ್ತು ಸ್ವಾಧೀನ ಬಿಟ್ಟುಕೊಡುವುದು, ಈ ಮೂರು ಇರಬೇಕು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಹೇಳಿತು. ಆದರೆ ಮೂವತ್ತು ವರ್ಷದ ನಂತರ ಆ ಮೂರನ್ನು ಸಾಬೀತು ಮಾಡಲು ಸಾಕ್ಷಿಗಳು ಬದುಕಿರಬೇಕಲ್ಲ? ಬಾಯಿಮಾತಿನ ಹಿಬಾ ಕಾನೂನಿನಲ್ಲಿ ನಿಲ್ಲಬಹುದು, ಕಚೇರಿಯಲ್ಲಿ ಅಲೆಸುತ್ತದೆ. ನೋಂದಾಯಿಸಿ ಇಡುವುದೇ ಕ್ಷೇಮ. ಹಾಗೆಯೇ ಜಿ.ಪಿ.ಎ. ಬರೆಸಿಕೊಂಡು ನಿವೇಶನ ಕೊಂಡೆವೆಂದು ನೆಮ್ಮದಿಯಾಗಿರುವವರೂ ಗಮನಿಸಬೇಕು: ಅಂತಹ ಪತ್ರದಿಂದ ಒಡೆತನ ಬರುವುದಿಲ್ಲ ಎಂದು ಅದೇ 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿದೆ.

ವಿದ್ಯಾರ್ಥಿಗಳಿಗೆ ಒಂದು ಮಾತು

ಕಾನೂನು ಪುಸ್ತಕ ರಾಜ್ಯಕ್ಕೆಲ್ಲ ಒಂದೇ. ಆದರೆ ಯಾವ ಹಳ್ಳಿ ಜೋಡಿ ಗ್ರಾಮವಾಗಿತ್ತು, ಯಾವ ಸರ್ವೆ ನಂಬರು ಗೋಮಾಳವಾಗಿತ್ತು, ಯಾವ ಹೊಲ ತೋಟಿ ಇನಾಮು ಎಂಬುದು ಆ ಪುಸ್ತಕದಲ್ಲಿ ಇರುವುದಿಲ್ಲ. ಅದು ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಮತ್ತು ಊರಿನ ಹಿರಿಯರ ನೆನಪಿನಲ್ಲಿ ಇರುತ್ತದೆ. ಮಹಾನಗರದ ದೊಡ್ಡ ವಕೀಲರಿಗೂ ಈ ಸ್ಥಳೀಯ ಜ್ಞಾನವೇ ಬೇಕು. ಉರ್ದು ಪದ ಬಲ್ಲ, ಕನ್ನಡ ಲಿಪಿ ಸರಾಗವಾಗಿ ಓದಬಲ್ಲ, ಊರನ್ನು ಬಲ್ಲ ನಮ್ಮ ಮಕ್ಕಳಿಗಿಂತ ಈ ಕೆಲಸಕ್ಕೆ ಯೋಗ್ಯರು ಯಾರು? ಪಿಯುಸಿ ನಂತರ ಐದು ವರ್ಷದ, ಪದವಿಯ ನಂತರ ಮೂರು ವರ್ಷದ ಕಾನೂನು ಶಿಕ್ಷಣ ಇದೆ. ಡಾಕ್ಟರು, ಇಂಜಿನಿಯರು ಎಂಬ ಎರಡೇ ಕನಸುಗಳ ಜೊತೆಗೆ ಇದನ್ನೂ ಇಟ್ಟುಕೊಳ್ಳಿ. ಹೆಣ್ಣುಮಕ್ಕಳಂತೂ ಖಂಡಿತ ಓದಬೇಕು. 20 ಗುಂಟೆಯ ಲೆಕ್ಕ ಅವರದೇ.

ವಕೀಲರಾಗದಿದ್ದರೂ ಈ ರಜೆಯಲ್ಲಿ ಇಷ್ಟು ಮಾಡಿ:

1. ಮನೆಯ ಜಮೀನಿನ ಈಗಿನ ಪಹಣಿಯನ್ನೂ ಹಳೆಯ ಕೈಬರಹದ ಪಹಣಿಯ ನಕಲನ್ನೂ ತೆಗೆಸಿ, 3, 9, 10 ಮತ್ತು 11ನೇ ಕಾಲಂಗಳನ್ನು ಓದಿ. ವಿಸ್ತೀರ್ಣ, ಹೆಸರು, ಬಂದ ರೀತಿ, ಸಾಲ ಮತ್ತು ಇತರೆ ಹಕ್ಕು ಅಲ್ಲಿರುತ್ತವೆ.
2. ಹೆಸರು ಬದಲಾದ ಪ್ರತಿ ಬಾರಿಯ ಮ್ಯುಟೇಷನ್ ಪ್ರತಿ ಪಡೆಯಿರಿ.
3. ಉಪನೋಂದಣಿ ಕಚೇರಿಯ ಋಣಭಾರ ಪತ್ರ ತೆಗೆಸಿ.
4. ಆಕಾರ್‌ಬಂದ್ ಮತ್ತು ಟಿಪ್ಪಣಿಯೊಂದಿಗೆ ವಿಸ್ತೀರ್ಣ ಹೋಲಿಸಿ.
5. ತೀರಿಕೊಂಡವರ ಹೆಸರು ಉಳಿದಿದ್ದರೆ ವಂಶವೃಕ್ಷ ಮಾಡಿಸಿ, ಗಂಡು ಹೆಣ್ಣು ಎಲ್ಲ ವಾರಸುದಾರರ ಹೆಸರನ್ನೂ ಬರೆಸಿ.

ದಾದಾ ಅಥವಾ ನಾನಾ ಇದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಪದಕ್ಕೆ ಅರ್ಥವನ್ನು ಅವರು ಹೇಳಲಿ, ಅಕ್ಷರವನ್ನು ನೀವು ಓದಿ. ಆ ಬಟ್ಟೆಯ ಚೀಲವನ್ನು ಅವರು ಬದುಕಿರುವಾಗಲೇ, ಅವರ ಎದುರಿನಲ್ಲಿಯೇ ಬಿಚ್ಚಿ.